ಸೊಸೆಯ ನಾಟಕದಲ್ಲಿ ಅತ್ತೆಯ ಪಾತ್ರ

ಪಾತ್ರಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸೊಸೆ ಚಹಾವನ್ನೂ ಪೂರ್ತಿ ಕುಡಿಯದೆ ಕೆಲಸಕ್ಕೆ ಓಡಿಹೋದಳು. ಎದುರಿಗೆ ನಿಂತು ಓದಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ದಿನಾ ಹೊಸಬರನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ಲಾರಿಗಳ ನಡುವೆ ಕಾರು ಓಡಿಸಲು ಕಲಿಸುವ ಡ್ರೈವಿಂಗ್ ಸ್ಕೂಲ್ ಮೇಡಂ ಅವಳು. ಲಾರಿಗೆ ಹೆದರದವಳು ಅತ್ತೆಗೆ ಹೆದರಿದಳು.

ಪಟ್ಟಿಯನ್ನು ಮೊದಲು ಓದಿದವನು ಮಾವ. ಓದುವುದೇ ಅವನ ಕಸುಬಾಗಿತ್ತು. ಅಚ್ಚುಮನೆಯೊಂದರಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿ ನಿವೃತ್ತನಾದವನು. ಒಂದು ದೀರ್ಘ ಜಾರಿದರೂ, ಒಂದು ಒತ್ತಕ್ಷರ ತಪ್ಪಿದರೂ ಅವನ ಕೆಂಪು ಪೆನ್ನು ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಜೊತೆಯವರು ಅವನನ್ನು ಒತ್ತಕ್ಷರದಪ್ಪ ಅನ್ನುತ್ತಿದ್ದರು. ಅದು ಸವೆದು ಸವೆದು ಒತ್ತಪ್ಪ ಆಯಿತು. ಮನೆಯಲ್ಲೂ ಅವನ ಜಾಗ ಒತ್ತಕ್ಷರದ್ದೇ. ಮೇಲೆ ದೊಡ್ಡಕ್ಷರವಾಗಿ ಹೆಂಡತಿ, ಅವಳ ಕೆಳಗೆ ಸದ್ದಿಲ್ಲದೆ ಅಂಟಿಕೊಂಡು ಅವನು. ಇದರಲ್ಲಿ ಅವನಿಗೇನೂ ಬೇಜಾರಿರಲಿಲ್ಲ.

ಪಟ್ಟಿಯಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ತಪ್ಪೊಂದಿತ್ತು. 'ರಾಣಿ' ಎಂಬುದರ ಎದುರು 'ಹಲ್ಲಿನ ಡಾಕ್ಟರಮ್ಮ' ಎಂದಿತ್ತು. ಎಲ್ಲಕ್ಕಿಂತ ಕೆಳಗೆ, 'ದಾದಿ' ಎಂಬುದರ ಎದುರು 'ಅತ್ತೆ' ಎಂದಿತ್ತು.

ಪಟ್ಟಿಯನ್ನು ಕಿತ್ತು ಜೇಬಿಗೆ ಹಾಕಿಕೊಳ್ಳೋಣವೇ ಎಂದು ಅವನು ಯೋಚಿಸುವಷ್ಟರಲ್ಲಿ ಹೆಂಡತಿ ಹಾಲು ತೆಗೆಯಲು ಬಂದಳು. ಆಕೆಯನ್ನು ಊರೆಲ್ಲ ಸಿಸ್ಟರಮ್ಮ ಎಂದೇ ಕರೆಯುತ್ತಿತ್ತು. ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯ ದಾದಿ, ಅದರಲ್ಲಿ ಕೊನೆಯ ಹನ್ನೆರಡು ವರ್ಷ ಮುಖ್ಯ ದಾದಿ. ಆಕೆ ವಾರ್ಡಿಗೆ ಬಂದರೆ ಅರ್ಧ ರೋಗಿಗಳು ಹೆದರಿ ವಾಸಿಯಾಗುತ್ತಿದ್ದರು ಎಂದು ಡಾಕ್ಟರುಗಳೇ ಹೇಳುತ್ತಿದ್ದರು.

"ಇದೇನ್ರೀ ಇದು?"

"ಯಾವುದು?"

"ಕನ್ನಡಕ ಹಾಕ್ಕೊಂಡು ನಿಂತಿದ್ದೀರಲ್ಲ, ಯಾವುದು ಅಂತ ನನ್ನೇ ಕೇಳ್ತೀರಾ? ಅಷ್ಟು ವರ್ಷ ಆಸ್ಪತ್ರೇಲಿ ದಾದಿ. ಈಗ ಸೊಸೆ ನಾಟಕ ಆಡಿಸ್ತಾಳೆ ಅಂದ್ರೆ ಅಲ್ಲೂ ದಾದೀನೇನಾ?"

"ಅನುಭವ ಇದೆ ಅಂತ ಕೊಟ್ಟಿರಬೇಕು" ಅಂದ ಒತ್ತಪ್ಪ. ಬಾಯಿಂದ ಬಿದ್ದ ಮೇಲೆ, ಇದನ್ನು ಕರಡಿನಲ್ಲೇ ಹೊಡೆದುಹಾಕಬೇಕಿತ್ತು ಎಂದು ಹೊಳೆಯಿತು.

"ಓಹೋ. ಹಾಗಾದ್ರೆ ಆ ಹಲ್ಲು ಕೀಳೋರಿಗೆ ರಾಣಿಯಾಗಿ ಎಷ್ಟು ವರ್ಷ ಅನುಭವ?"

ಒತ್ತಪ್ಪ ಹಾಲಿನ ಪಾತ್ರೆ ತೆಗೆದುಕೊಟ್ಟ.

ಬಡಾವಣೆಯ ನಾಟಕ ತಂಡ ವರ್ಷಕ್ಕೊಂದು ನಾಟಕ ಆಡುತ್ತಿತ್ತು. ಹಗಲು ಒಂದೊಂದು ಕೆಲಸ ಮಾಡುವ ಜನ, ಸಂಜೆ ಫೈರ್ ಸ್ಟೇಷನ್ನಿನ ಮೇಲಿನ ಸಭಾಂಗಣದಲ್ಲಿ ಸೇರಿ ಬೇರೆ ಯಾರೋ ಆಗುತ್ತಿದ್ದರು. ಈ ಸಲ ಆಡಿಸುವ ಜವಾಬ್ದಾರಿ ಸೊಸೆಯದು. ನಾಟಕ ಬರೆದವರು ನಿವೃತ್ತ ಇತಿಹಾಸದ ಮೇಷ್ಟ್ರು. ರಾಜನ ಪಾತ್ರವೂ ಅವರದೇ, ಏಕೆಂದರೆ ಆ ಷರತ್ತಿನ ಮೇಲೇ ಅವರು ಬರೆದುಕೊಟ್ಟಿದ್ದರು. ಎಂಟುನೂರು ವರ್ಷದ ಹಿಂದಿನ ಒಂದು ಅರಮನೆಯ ಕಥೆ. ರಾಜ ಹಾಸಿಗೆ ಹಿಡಿದಿದ್ದಾನೆ. ಹಿರಿಯ ರಾಜಕುಮಾರನಿಗೆ ಸಿಂಹಾಸನ ಬೇಕು. ಕಿರಿಯವನು ನದಿಯಾಚೆಯ ಸೀಮೆಯನ್ನು ಕೊಟ್ಟರೆ ಸಾಕು, ಬೇರೆ ಹೋಗುತ್ತೇನೆ ಅನ್ನುತ್ತಾನೆ. ರಾಣಿ ಕಿರಿಯವನನ್ನು ಬಿಟ್ಟುಕೊಡಲೊಲ್ಲಳು. ಕಣ್ಣು ಮುಚ್ಚುವ ಮುಂಚೆ ರಾಜ ತೀರ್ಮಾನ ಹೇಳಬೇಕು. ಹಿರಿಯನಾಗಿ ಕೆಳಗಿನ ಠಾಣೆಯ ಫೈರ್‌ಮನ್, ಕಿರಿಯನಾಗಿ ಒತ್ತಪ್ಪನ ಮಗ. ಮಗ ಲಿಫ್ಟ್ ಮೆಕ್ಯಾನಿಕ್. ಹತ್ತನೇ ಮಹಡಿಯ ಕತ್ತಲ ಗುಂಡಿಗೆ ಇಳಿಯಲು ಅಂಜದವನು, ನಾಲ್ಕು ಜನರೆದುರು ಮಾತಾಡು ಅಂದರೆ ಬೆವರುತ್ತಿದ್ದ. ಒತ್ತಪ್ಪ ಪ್ರಾಂಪ್ಟರ್. ಪಕ್ಕದ ಪರದೆಯ ಹಿಂದೆ ಕೂತು, ಮರೆತವರಿಗೆ ಮಾತು ಎತ್ತಿಕೊಡುವುದು ಅವನ ಕೆಲಸ.

ಆ ಸಂಜೆ ಊಟಕ್ಕೆ ಕೂತಾಗ ಸಿಸ್ಟರಮ್ಮ ಮೊದಲ ತುತ್ತು ನುಂಗಿ ಕೇಳಿದಳು, "ನನಗೆಷ್ಟು ಮಾತಿದೆ?"

"ಅದು ಬಹಳ ಮುಖ್ಯವಾದ ಘಟ್ಟ ಅತ್ತೆ" ಅಂದಳು ಸೊಸೆ.

"ಎಷ್ಟು ಅಂದೆ."

"'ಔಷಧಿ ತಂದಿದ್ದೇನೆ, ಪ್ರಭು.'"

"ಆಮೇಲೆ?"

"ಆಮೇಲೆ ಹೋಗ್ತೀರಿ."

ಸಿಸ್ಟರಮ್ಮ ತಟ್ಟೆ ಸರಿಸಿದಳು. "ರಾಣಿ ಪಾತ್ರ ನನಗೆ ಯಾಕೆ ಬರಲ್ಲ, ಅದನ್ನ ಹೇಳು. ಮುಚ್ಚುಮರೆ ಇಲ್ಲದೆ ಹೇಳು."

"ಅತ್ತೆ, ಆ ರಾಣಿ ನಾಟಕ ಪೂರ್ತಿ ಗಂಡ ಹೇಳಿದ್ದನ್ನ ಕೇಳಿಸ್ಕೊಂಡು ಅಳ್ತಾ ಕೂತಿರ್ತಾಳೆ. ನೀವು ಒಂದು ದಿನ ಮಾವನ ಮಾತು ಪೂರ್ತಿ ಕೇಳಿಸ್ಕೊಂಡಿದ್ದೀರಾ?"

ಮಗನಿಗೆ ನಗು ತಡೆಯಲಿಲ್ಲ. ಬಾಯಲ್ಲಿದ್ದ ಅನ್ನ ನೆತ್ತಿಗೆ ಹತ್ತಿ ಕೆಮ್ಮತೊಡಗಿದ.

"ನಗು, ಚೆನ್ನಾಗಿ ನಗು" ಅಂದಳು ತಾಯಿ. "ನಿಮ್ಮಪ್ಪ ಮಾತಾಡಿದ್ರೆ ತಾನೇ ನಾನು ಕೇಳಿಸ್ಕೊಳ್ಳೋಕೆ!"

ಎಲ್ಲರೂ ಒತ್ತಪ್ಪನ ಕಡೆ ನೋಡಿದರು. ಅವನು ಏನೋ ಹೇಳಲು ಬಾಯಿ ತೆರೆದ.

"ನೀವು ಸುಮ್ನಿರಿ" ಅಂದಳು ಸಿಸ್ಟರಮ್ಮ.

ಅಲ್ಲಿಂದ ಅತ್ತೆ ಸೊಸೆಯರ ಮಾತು ನಿಂತಿತು. ನಿಂತಿತು ಅಂದರೆ ನೇರ ಮಾತು ನಿಂತಿತು. ಸುತ್ತು ಹಾದಿಯ ಮಾತು ಮುಂಚಿಗಿಂತ ಹೆಚ್ಚಾಯಿತು. ಅದೇನೂ ಬಂಗಲೆಯಲ್ಲ. ಒಂದು ಅಡಿಗೆಮನೆ, ಒಂದು ಕೋಣೆ, ಒಂದು ನಡುಮನೆ. ನಡುಮನೆಯನ್ನೇ ಬೀರು ಅಡ್ಡವಿಟ್ಟು ಎರಡು ಮಾಡಿ, ಬೀರುವಿನ ಬೆನ್ನಿಗೆ ಮಗ ಸೊಸೆ ಮಲಗುತ್ತಿದ್ದರು. ಬೀರುವಿನ ಈಚೆ ಯಾರು ಸೀನಿದರೂ ಆಚೆಯವರಿಗೆ ಎಚ್ಚರವಾಗುತ್ತಿತ್ತು. ಅಂಥ ಮನೆಯಲ್ಲಿ ಇಬ್ಬರು ಮಾತು ಬಿಟ್ಟರೆ ನಡುವೆ ಒಬ್ಬ ಅಂಚೆಯವನು ಬೇಕೇ ಬೇಕು.

"ರೀ, ನಿಮ್ಮ ಸೊಸೆಗೆ ಹೇಳಿ, ವಾಷಿಂಗ್ ಮೆಷಿನ್ ಎರಡು ದಿನದಿಂದ ತುಂಬಿದೆ, ನಾವೇನು ಬಟ್ಟೇನ ಒಗೀದೆ ಹಾಕ್ಕೋಬೇಕಾ ಅಂತ."

ಸೊಸೆ ಮೂರು ಅಡಿ ಆಚೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು.

"ಮಾವ, ಅತ್ತೆಗೆ ಹೇಳಿ, ಅದರಲ್ಲಿರೋದು ಅರಮನೆ ಪರದೆ, ಬಣ್ಣ ಬಿಡ್ತಿದೆ, ಬೇಕಾದ್ರೆ ಅವರ ಬಿಳಿ ಸೀರೇನೂ ಜೊತೆಗೆ ಹಾಕ್ತೀನಿ ಅಂತ."

ಒತ್ತಪ್ಪ ಗಂಟಲು ಸರಿಮಾಡಿಕೊಂಡ. "ಸಂಜೆಯೊಳಗೆ ಖಾಲಿ ಮಾಡ್ತಾಳಂತೆ. ದಯವಿಟ್ಟು ಸ್ವಲ್ಪ ತಾಳ್ಕೊಳ್ಳಿ ಅಂತಾಳೆ."

"'ದಯವಿಟ್ಟು' ಅವಳದಲ್ಲ, ನಿಮ್ದು" ಅಂದಳು ಹೆಂಡತಿ. "ನನಗೆ ಕಿವಿ ಇದೆ."

ಸಿಸ್ಟರಮ್ಮ ಪಾತ್ರವನ್ನೇನೂ ಬಿಟ್ಟುಕೊಡಲಿಲ್ಲ. ತಾಲೀಮಿಗೆ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದಳು. ಮೊದಲ ವಾರ, ಬರೆದಿದ್ದ ಆ ಒಂದು ಮಾತನ್ನು ಬರೆದಂತೆಯೇ ಹೇಳಿದಳು. ಎರಡನೇ ವಾರ, "ಔಷಧಿ ತಂದಿದ್ದೇನೆ, ಪ್ರಭು. ಊಟವಾದ ಮೇಲೆ ಕುಡಿಯಬೇಕು" ಎಂದಾಯಿತು. ಮರುದಿನ ದಾದಿ ರಾಜನ ದಿಂಬು ಸರಿಮಾಡಿದಳು, ನಾಲಿಗೆ ಚಾಚಿಸಿ ನೋಡಿದಳು, ರಾಣಿಗೆ "ಸ್ವಲ್ಪ ಆಚೆ ಸರೀರಿ, ರೋಗಿಗೆ ಗಾಳಿ ಬೇಕು" ಎಂದಳು. ಹಲ್ಲಿನ ಡಾಕ್ಟರಮ್ಮ ಅಳುವುದನ್ನು ನಿಲ್ಲಿಸಿ ಸರಿದುಕೊಂಡರು.

ಪರದೆಯ ಹಿಂದೆ ಒತ್ತಪ್ಪನ ಬೆರಳು ಪುಟದ ಮೇಲೆ ಕಂಗಾಲಾಗಿ ಓಡುತ್ತಿತ್ತು. ಬರೆದದ್ದನ್ನು ಬಿಟ್ಟು ಒಂದಕ್ಷರ ಆಚೀಚೆ ಹೋಗದೆ ಬದುಕಿದವನು ಅವನು. "ಪುಸ್ತಕದಲ್ಲಿ ಇಲ್ಲ" ಎಂದು ಪಿಸುಗುಟ್ಟಿದ.

"ಗೊತ್ತು" ಅಂದಳು ದಾದಿ, ರಾಜನ ಹೊದಿಕೆ ಸಿಕ್ಕಿಸುತ್ತ.

"ಮಾವ, ದಾದಿಗೆ ಬ್ರೇಕ್ ಹಾಕೋಕೆ ಹೇಳಿ!" ಎಂದು ಸೊಸೆ ಕೆಳಗಿನಿಂದ ಕೂಗಿದಳು. ನಾಟಕ ಆಡಿಸುವಾಗಲೂ ಅವಳಿಗೆ ಡ್ರೈವಿಂಗ್ ಸ್ಕೂಲಿನ ಮಾತೇ ಬರುತ್ತಿತ್ತು.

ಅಷ್ಟರಲ್ಲಿ ಕೆಳಗಡೆ ಠಾಣೆಯ ಗಂಟೆ ಹೊಡೆಯಿತು. ಹಿರಿಯ ರಾಜಕುಮಾರ ತಂದೆಯ ಮರಣಶಯ್ಯೆಯ ಪಕ್ಕದಿಂದ ಎದ್ದು, ಎರಡೆರಡು ಮೆಟ್ಟಿಲು ಹಾರಿ ಇಳಿದು, ಬೆಂಕಿ ಆರಿಸಲು ಹೊರಟುಹೋದ. ಇದೂ ವಾರಕ್ಕೊಮ್ಮೆ ಆಗುತ್ತಿದ್ದ ಸಂಗತಿ.

ಮೂರನೇ ವಾರ ಒಂದು ಮಧ್ಯಾಹ್ನ, ಒತ್ತಪ್ಪ ಪಾತ್ರೆ ತೊಳೆಯುತ್ತಿದ್ದಾಗ ಮಗ ಎರಡು ಹಾಳೆ ಹಿಡಿದುಕೊಂಡು ಬಂದ.

"ಅಪ್ಪ, ಇದರಲ್ಲಿ ತಪ್ಪಿದೆಯಾ ನೋಡ್ತೀರಾ? ಟೈಪ್ ಮಾಡಿದೋರು ಏನೇನೋ ಮಾಡಿದಾರೆ."

ಒತ್ತಪ್ಪ ಖುಷಿಯಿಂದ ಕೈ ಒರೆಸಿಕೊಂಡು ಕೆಂಪು ಪೆನ್ನು ತಂದ. 'ಬಾಡಿಗೆದಾರ' ಎಂಬಲ್ಲಿ ದೀರ್ಘ ಬಿಟ್ಟು 'ಬಾಡಿಗೆದರ' ಆಗಿತ್ತು. 'ಅಡಿಗೆಮನೆ' ಎಂಬುದು 'ಅಡಿಗಮನೆ' ಆಗಿತ್ತು. ಹದಿನಾಲ್ಕು ತಪ್ಪು ತಿದ್ದಿ ಕೆಳಗೆ ಬಂದಮೇಲೆ ಅಲ್ಲಿ ಮಗನ ಹೆಸರು, ಸೊಸೆಯ ಹೆಸರು ಕಂಡವು. ಅವನು ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದ. ಈ ಸಲ ಅಕ್ಷರವನ್ನಲ್ಲ, ಅರ್ಥವನ್ನು.

"ಇದು ಬಾಡಿಗೆ ಕರಾರು ಕಣೋ."

"ಹೌದಪ್ಪ."

"ನೀವು ಬೇರೆ ಹೋಗ್ತಿದ್ದೀರಾ?"

"ದೂರ ಏನಿಲ್ಲ ಅಪ್ಪ, ಹಾಲಿನ ಡೇರಿ ಹಿಂದಿನ ಬೀದಿ. ಎರಡು ವರ್ಷದಿಂದ ಬೀರು ಹಿಂದೆ ಮಲಗಿದ್ದೀವಿ. ಅವಳು ಒಂದು ದಿನಾನೂ ಗೊಣಗಿಲ್ಲ. ಆದ್ರೆ ಅವಳಿಗೂ ಒಂದು ಬಾಗಿಲು ಬೇಡವಾ, ಮುಚ್ಚಿಕೊಳ್ಳೋಕೆ?"

ಒತ್ತಪ್ಪ ಪೆನ್ನಿನ ಮುಚ್ಚಳ ಹಾಕಿದ. ತೆಗೆದ. ಮತ್ತೆ ಹಾಕಿದ. "ನಿಮ್ಮಮ್ಮಂಗೆ?"

"ನಾಟಕ ಮುಗೀಲಿ ಅಂತ. ಈಗ ಹೇಳಿದ್ರೆ ರಾಣಿ ಪಾತ್ರ ಕೊಡದೆ ಇದ್ದಿದ್ದಕ್ಕೆ ಇದೂ ಸೇರ್ಕೊಳ್ಳುತ್ತೆ." ಮಗ ಗೋಡೆ ನೋಡುತ್ತ ಅಂದ, "ನೀವೇ ಹೇಳಿದ್ರೆ ಇನ್ನೂ ಒಳ್ಳೇದು."

"ನಾನಾ?"

"ನೀವು ಹೇಳಿದ್ರೆ ಅಮ್ಮ ಬಯ್ಯಲ್ಲ."

"ಬಯ್ಯಲ್ಲ. ಕೇಳಿಸ್ಕೊಳ್ಳೋದೇ ಇಲ್ಲ" ಅಂದ ಒತ್ತಪ್ಪ.

ಆಮೇಲೆ ಅವನಿಗೆ ಊಟ ಸೇರದಾಯಿತು. ಹೆಂಡತಿಯ ಎದುರು ಕೂತರೆ ಹಾಳೆಯ ಮೇಲಿನ ಅಕ್ಷರಗಳೆಲ್ಲ ತನ್ನ ಹಣೆಯ ಮೇಲೆ ಅಚ್ಚಾಗಿವೆಯೇನೋ ಅನ್ನಿಸುತ್ತಿತ್ತು. ಎರಡು ಸಲ ಬಾಯಿ ತೆರೆದ. ಒಂದು ಸಲ ಆಕೆ "ಮೊಟ್ಟೆ ಹೆಚ್ಚು ಬೆಂದಿದೆಯಾ?" ಎಂದಳು. ಇನ್ನೊಂದು ಸಲ "ಆಕಳಿಸಬೇಡಿ, ಹೋಗಿ ಮಲಕ್ಕೊಳ್ಳಿ" ಎಂದಳು.

ನಾಟಕಕ್ಕೆ ಒಂಬತ್ತು ದಿನ ಉಳಿದಿತ್ತು. ತಾಲೀಮಿನಲ್ಲಿ ದಾದಿ ರಾಜನ ಕೈ ಹಿಡಿದು ನಾಡಿ ನೋಡಿದಳು. ಅದು ಆಕೆಯೇ ಸೇರಿಸಿಕೊಂಡಿದ್ದ ಅಭಿನಯ, ದಿನವೂ ಮಾಡುತ್ತಿದ್ದಳು. ಅವತ್ತು ಹಿಡಿದ ಕೈ ಬಿಡಲಿಲ್ಲ.

"ಮೇಷ್ಟ್ರೇ, ಏಳಿ ಮೇಲೆ."

"ಇದು ಪುಸ್ತಕದಲ್ಲಿ ಎಲ್ಲಿದೆ?" ಎಂದು ಮೇಷ್ಟ್ರು ಮಲಗಿದಲ್ಲಿಂದಲೇ ಸಿಡುಕಿದರು. "ಹನ್ನೆರಡನೇ ಶತಮಾನದ ದಾದಿ ರಾಜನಿಗೆ ಏಳು ಅಂತ ಹೇಳೋ ಹಾಗೇ ಇಲ್ಲ."

"ಹನ್ನೆರಡನೇ ಶತಮಾನ ಆಮೇಲೆ. ನಿಮ್ಮ ನಾಡಿ ನಡುನಡುವೆ ಬಡಿತ ಬಿಡ್ತಿದೆ. ಬೆಳಿಗ್ಗೆಯಿಂದ ಎದೆ ಹಿಡಿದ ಹಾಗೆ ಇತ್ತಾ, ಇಲ್ವಾ?"

ಮೇಷ್ಟ್ರು ಕಿರೀಟ ತೆಗೆದರು. "ಸ್ವಲ್ಪ ಇತ್ತು."

ಸಿಸ್ಟರಮ್ಮ ಆಟೋ ಹಿಡಿಯಲಿಲ್ಲ, ಯಾರನ್ನೂ ಕೇಳಲಿಲ್ಲ. ಸೊಸೆಯ ಕಡೆ ತಿರುಗಿ, ಒಂದು ತಿಂಗಳಲ್ಲಿ ಮೊದಲ ಸಲ ನೇರವಾಗಿ, "ಕಾರು ತೆಗಿ" ಅಂದಳು. ಸೊಸೆ ತೆಗೆದಳು. ರಾಜವಸ್ತ್ರದಲ್ಲೇ ಮೇಷ್ಟ್ರು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಆಸ್ಪತ್ರೆ ಸೇರಿದರು. ಸರಿಯಾದ ಹೊತ್ತಿಗೆ ಬಂದಿರಿ, ಇನ್ನು ಒಂದು ತಿಂಗಳು ಕೂಗಾಡಬಾರದು, ಎದ್ದು ಬಿದ್ದು ಮಾಡಬಾರದು ಎಂದರು ಡಾಕ್ಟರು. ನಾಟಕದಲ್ಲಿ ರಾಜನಿಗೆ ಆ ಎರಡೇ ಕೆಲಸ.

ಮರುದಿನ ಊಟದ ಮೇಜಿನ ಸುತ್ತ ಚಿಂತೆ.

"ಒಂದು ವಾರದಲ್ಲಿ ಅಷ್ಟು ಮಾತು ಯಾರು ಬಾಯಿಪಾಠ ಮಾಡ್ತಾರೆ?" ಎಂದು ಸೊಸೆ ತಲೆ ಹಿಡಿದುಕೊಂಡಳು.

"ಅಪ್ಪಂಗೆ ಎಲ್ಲಾ ಬರುತ್ತಲ್ಲ" ಅಂದ ಮಗ. "ಎಲ್ಲರ ಮಾತೂ."

ಸಿಸ್ಟರಮ್ಮನಿಗೆ ನಗು ಬಂತು. "ಇವರಾ? ಇವರು ರಾಜನಾ?" ಎಂದು ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಸೆ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ, ಅವಳೂ ನಕ್ಕಳು. ಅತ್ತೆ ಸೊಸೆ ಒಟ್ಟಿಗೆ ನಕ್ಕು ಎಷ್ಟೋ ದಿನವಾಗಿತ್ತು. ಒತ್ತಪ್ಪನಿಗೆ ಅದನ್ನು ನೋಡಿ ಸಂತೋಷವಾಗಬೇಕಿತ್ತು. ಆಗಲಿಲ್ಲ.

"ಆಡ್ತೀನಿ" ಅಂದ.

ನಗು ನಿಂತಿತು.

"ಏನಂದ್ರಿ?"

"ರಾಜನ ಪಾತ್ರ ನಾನು ಆಡ್ತೀನಿ ಅಂದೆ." ಅವನು ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದ.

ಮಾತೇನೋ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಜೀವಮಾನವಿಡೀ ಪಿಸುಗುಟ್ಟಿದ ಗಂಟಲು. "ಮಾವ, ಹಾರ್ನ್ ಬೇಕು, ಹಾರ್ನ್!" ಎಂದು ಸೊಸೆ ಸಭಾಂಗಣದ ಕೊನೆಯ ಸಾಲಿನಿಂದ ಕೂಗುತ್ತಿದ್ದಳು. "ಇಲ್ಲಿಗೆ ಕೇಳಿಸ್ತಿಲ್ಲ! ಹೆದ್ದಾರಿ ಇದು, ಓಣಿಯಲ್ಲ!" ಒತ್ತಪ್ಪ ಮನೆಯಲ್ಲಿ ಅಭ್ಯಾಸ ಮಾಡಿದ. ಬೆಳಿಗ್ಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಎದೆ ಉಬ್ಬಿಸಿ, "ಯಾರಲ್ಲಿ!" ಎಂದ.

"ನಾನಿಲ್ಲಿ" ಅಂದಳು ಸಿಸ್ಟರಮ್ಮ. "ಆಲೂಗಡ್ಡೆ ಸಿಪ್ಪೆ ತೆಗೀರಿ ಬನ್ನಿ."

ರಾಜ ಆಲೂಗಡ್ಡೆ ಸಿಪ್ಪೆ ತೆಗೆದ. ಆದರೆ ನಾಲ್ಕನೇ ದಿನ ಮಹಡಿಯ ಮೇಲೆ ಬಟ್ಟೆ ಒಣಗಹಾಕುತ್ತ ಅವನು "ಈ ರಾಜ್ಯದಲ್ಲಿ ನನ್ನ ಮಾತು ನಡೆಯುವುದೋ ಇಲ್ಲವೋ!" ಎಂದು ಗುಡುಗಿದಾಗ, ಪಕ್ಕದ ಮನೆಯಾಕೆ ಗಾಬರಿಯಾಗಿ ಕಿಟಕಿ ತೆರೆದು, "ಸಿಸ್ಟರಮ್ಮ, ಎಲ್ಲಾ ಸರಿಯಾಗಿದೆ ತಾನೇ?" ಎಂದು ಕೇಳಿದಳು. ಅವತ್ತು ಒತ್ತಪ್ಪ ಎರಡು ಸಲ ಅನ್ನ ಹಾಕಿಸಿಕೊಂಡ.

ನಾಟಕದ ಹಿಂದಿನ ದಿನ ಮಗ ಮೆಲ್ಲಗೆ ಕೇಳಿದ, "ಅಪ್ಪ, ಅಮ್ಮಂಗೆ ಹೇಳಿದ್ರಾ?"

"ನೀನು ಹೇಳೋ."

"ನೀವು ಈಗ ರಾಜ ಅಪ್ಪ."

ಭಾನುವಾರ ಮಧ್ಯಾಹ್ನ ಮೂರಕ್ಕೆ ಸಭಾಂಗಣ ತುಂಬಿತು. ಅರ್ಧ ಜನ ಸಿಸ್ಟರಮ್ಮನ ಕೈಲಿ ಸೂಜಿ ಚುಚ್ಚಿಸಿಕೊಂಡವರು, ಇನ್ನರ್ಧ ಸೊಸೆಯ ಕೈಲಿ ಡ್ರೈವಿಂಗ್ ಕಲಿತವರು. ಮೊದಲ ಸಾಲಿನಲ್ಲಿ ಶಾಲು ಹೊದ್ದು ಮೇಷ್ಟ್ರು. ಪರದೆಯ ಹಿಂದೆ ಒತ್ತಪ್ಪನ ಹಳೆಯ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಸೊಸೆ.

ಮೊದಲೆರಡು ಅಂಕ ಯಾರೂ ನಿರೀಕ್ಷಿಸದಷ್ಟು ಚೆನ್ನಾಗಿ ನಡೆಯಿತು. ಒತ್ತಪ್ಪನ ದನಿ ಕೊನೆಯ ಸಾಲನ್ನು ಮುಟ್ಟಿತು. ಜನ ಚಪ್ಪಾಳೆ ತಟ್ಟಿದರು. ಕೊನೆಯ ದೃಶ್ಯ ಶುರುವಾಗುವಾಗ ಕೆಳಗೆ ಗಂಟೆ ಹೊಡೆಯಿತು. ಹಿರಿಯ ರಾಜಕುಮಾರ "ಕ್ಷಮಿಸಿ ತಂದೆಯೇ, ಕರ್ತವ್ಯ!" ಎಂದು ಖಡ್ಗವನ್ನು ರಾಣಿಯ ಕೈಗೆ ಕೊಟ್ಟು ಓಡಿದ. ಜನ ಅದನ್ನೂ ನಾಟಕವೆಂದೇ ತಿಳಿದು ಚಪ್ಪಾಳೆ ತಟ್ಟಿದರು.

ಈಗ ಮಂಚದ ಮೇಲೆ ರಾಜ, ತಲೆದೆಸೆಯಲ್ಲಿ ಅಳುವ ರಾಣಿ, ಕಾಲ ಬಳಿ ಮಂಡಿಯೂರಿದ ಕಿರಿಯ. ರಾಜ ರಾಣಿಯ ಕಡೆ ತಿರುಗಿ, "ರಾಣಿ, ಕಿರಿಯನನ್ನು ತಡೆಯಬೇಡ" ಎಂದು ಹೇಳಿ ಪ್ರಾಣ ಬಿಡಬೇಕು. ಅದಕ್ಕೆ ಮುಂಚೆ ದಾದಿ ಬಂದು ಹೋಗಬೇಕು. ದಾದಿ ಬಂದಳು. ಬಟ್ಟಲು ಹಿಡಿದಿದ್ದಳು. "ಔಷಧಿ ತಂದಿದ್ದೇನೆ, ಪ್ರಭು" ಅಂದಳು. ಅಷ್ಟೇ ಅಂದಳು. ಅವತ್ತು, ಜನ ತುಂಬಿದ ಸಭೆಯ ಮುಂದೆ, ಒಂದು ಅಕ್ಷರವನ್ನೂ ಸೇರಿಸದೆ ಬರೆದಂತೆಯೇ ಹೇಳಿ, ಹೊರಡಲು ತಿರುಗಿದಳು.

ಒತ್ತಪ್ಪ ಅವಳ ಬೆನ್ನು ನೋಡಿದ. ಸೊಸೆಯ ನಾಟಕ ಕೆಡಬಾರದೆಂದು ಆಕೆ ಅಷ್ಟೂ ಮಾತನ್ನು ನುಂಗಿಕೊಂಡಿದ್ದಾಳೆ ಎಂದು ಅವನಿಗೆ ತಿಳಿಯಿತು. ಅವನಿಗೆ ಇನ್ನು ತಡೆಯಲಾಗಲಿಲ್ಲ.

"ದಾದಿ, ನಿಲ್ಲು!"

ಸಿಸ್ಟರಮ್ಮ ನಿಂತಳು.

"ಕಿರಿಯನನ್ನು ತಡೆಯಬೇಡ."

ಹಲ್ಲಿನ ಡಾಕ್ಟರಮ್ಮ ಗಾಬರಿಯಿಂದ ಬಾಗಿ, "ಪ್ರಭು, ರಾಣಿ ಈ ಕಡೆ ಇದ್ದೇನೆ" ಅಂದರು.

"ನೀವು ಸ್ವಲ್ಪ ತಾಳಿ ಡಾಕ್ಟರಮ್ಮ" ಅಂದ ರಾಜ. ಎದ್ದು ಕೂತ. "ದಾದಿ, ಇವನೂ ಇವನ ಹೆಂಡತಿಯೂ ನದಿಯಾಚೆ ಒಂದು ಮನೆ ನೋಡಿದ್ದಾರೆ. ನಿನಗೆ ಹೇಳಲು ಹೆದರಿದ್ದಾರೆ. ನಾನೂ ಹೆದರಿದ್ದೆ. ಈ ಕಿರೀಟ ಇರುವಾಗಲೇ ಹೇಳಿಬಿಡುತ್ತೇನೆ. ಅವರು ಹೋಗಲಿ. ಅವರಿಗೂ ಒಂದು ಬಾಗಿಲಿರಲಿ."

"ಅಪ್ಪಾ!" ಎಂದ ಕಿರಿಯ ರಾಜಕುಮಾರ. ಅದು ಮೂರನೇ ಸಾಲಿನವರೆಗೂ ಕೇಳಿಸಿತು.

"ಕಿರಿಯನಿಗೆ ಮದುವೆಯೇ ಆಗಿಲ್ಲ!" ಎಂದು ಮೊದಲ ಸಾಲಿನಿಂದ ಮೇಷ್ಟ್ರು ಆಕ್ಷೇಪವೆತ್ತಿದರು. ಪಕ್ಕದವರು ಅವರ ಭುಜ ಒತ್ತಿ ಕೂರಿಸಿದರು.

ಪರದೆಯ ಹಿಂದೆ ಸೊಸೆ ಪುಟ ಮಗುಚುವುದನ್ನು ನಿಲ್ಲಿಸಿ, ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಸಿಸ್ಟರಮ್ಮ ಬಟ್ಟಲನ್ನು ಕೆಳಗಿಟ್ಟಳು. ಮಂಚದ ಅಂಚಿನಲ್ಲಿ, ರಾಜನ ಪಕ್ಕದಲ್ಲೇ, ಕೂತುಕೊಂಡಳು.

"ಪ್ರಭು" ಅಂದಳು, "ಅದು ನದಿಯಾಚೆ ಅಲ್ಲ, ಹಾಲಿನ ಡೇರಿ ಹಿಂದೆ. ಹಸಿರು ಗೇಟು. ಎರಡು ವಾರದ ಹಿಂದೇನೇ ನಾನು ಹೋಗಿ ನೋಡ್ಕೊಂಡು ಬಂದಾಯ್ತು. ಆ ಮನೆ ಯಜಮಾನಂಗೆ ಹರ್ನಿಯಾ ಆಪರೇಷನ್ ಆದಾಗ ಹದಿನೈದು ದಿನ ನೋಡ್ಕೊಂಡವಳು ನಾನು. ಸಿಸ್ಟರಮ್ಮ, ನಿಮ್ಮ ಮಗ ನಮ್ಮನೇಗೆ ಬರ್ತಿದಾನೆ ಅಂತ ಬೀದೀಲಿ ನಿಲ್ಸಿ ಹೇಳಿದ. ಮನೆ ಚೆನ್ನಾಗಿದೆ, ಬೆಳಕಿದೆ. ಅಡಿಗೆಮನೆ ನಲ್ಲಿ ಮಾತ್ರ ಸೋರುತ್ತೆ. ಅದನ್ನ ರಿಪೇರಿ ಮಾಡಿಸದೆ ಬೀಗದ ಕೈ ಕೊಡಕೂಡದು ಅಂತ ಹೇಳಿ ಬಂದಿದೀನಿ."

ಏಳನೇ ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯ ಎದ್ದು ನಿಂತ. "ಮಾಡಿಸಿದೀನಿ ಸಿಸ್ಟರಮ್ಮ! ಮೊನ್ನೇನೇ ಮಾಡಿಸಿದೆ!"

ಚಾವಣಿ ಕಿತ್ತುಹೋಗುವಂತೆ ಸಭೆ ನಕ್ಕಿತು. ಒತ್ತಪ್ಪ ಮಾತ್ರ ನಗಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ ಕೂ‌ತಿದ್ದ. ಮುಂದೇನು ಮಾಡಬೇಕೆಂಬುದು ಅವನಿಗೆ ಪೂರ್ತಿ ಮರೆತುಹೋಗಿತ್ತು.

"ಮಾವ, ಸಾಯಿರಿ!" ಎಂದು ಪರದೆಯ ಹಿಂದಿನಿಂದ ಸೊಸೆಯ ಪಿಸುದನಿ ಬಂತು. ಅದು ಅಳುವಿನ ದನಿಯೋ ನಗುವಿನದೋ ತಿಳಿಯುವಂತಿರಲಿಲ್ಲ. "ಸಾಯಿರಿ ಮಾವ, ಪರದೆ ಎಳೀಬೇಕು!"

ಒತ್ತಪ್ಪ ಸತ್ತ. ಸಿಸ್ಟರಮ್ಮ ಹೊದಿಕೆ ಎಳೆದು ಹೊದಿಸಿದಳು. ಪರದೆ ಬಿತ್ತು.

ಬಣ್ಣದ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಗ ಕಿರೀಟದ ದಾರ ಬಿಚ್ಚಲು ಹೋಗಿ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡ. ಸೊಸೆ ಬಾಗಿಲಲ್ಲೇ ನಿಂತಿದ್ದಳು.

"ಅತ್ತೆ, ನೀವು ಮಾತು ಬಿಟ್ಟಿದ್ದು ರಾಣಿ ಪಾತ್ರಕ್ಕೆ ಅಂದ್ಕೊಂಡಿದ್ದೆ."

"ಮೊದಲ ಮೂರು ವಾರ ಅದಕ್ಕೇ" ಅಂದಳು ಸಿಸ್ಟರಮ್ಮ, ಹತ್ತಿಯಿಂದ ಕೆನ್ನೆಯ ಬಣ್ಣ ಒರೆಸುತ್ತ. "ಆಮೇಲೆ, ನೀನೇ ಬಂದು ಹೇಳ್ತೀಯ ಅಂತ ಕಾಯ್ತಿದ್ದೆ."

"ಹೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ. ಬೇಡ ಅಂತಿದ್ದೆ, ನೀನು ಬೇಕು ಅಂತಿದ್ದೆ, ಎರಡು ದಿನ ಚೆನ್ನಾಗಿ ಜಗಳ ಆಡಬಹುದಿತ್ತು. ಈ ಮನೇಲಿ ನನಗೆ ಜಗಳ ಆಡೋಕೆ ಬೇರೆ ಯಾರಿದಾರೆ ಹೇಳು? ಇವರ ಹತ್ರ ಆಡೋಕಾಗುತ್ತಾ?" ಆಕೆ ಹತ್ತಿಯನ್ನು ಬುಟ್ಟಿಗೆ ಹಾಕಿದಳು. "ಮಾತೇ ಆಡದೆ ಕದ್ದು ಹೊರಟಿದ್ರಲ್ಲ, ಅದು ಮನಸ್ಸಿಗೆ ಚುಚ್ಚಿತು."

ಸೊಸೆ ಬಂದು ಅತ್ತೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಇನ್ನೊಂದು ಹತ್ತಿಯುಂಡೆ ಅತ್ತೆಯ ಕೈಗೆ ಕೊಟ್ಟು ಅಂದಳು, "ಅಲ್ಲ ಅತ್ತೆ, ನಲ್ಲಿ ಸೋರೋದು ನಾನೂ ನೋಡಿದ್ದೆ. ನಾನೇ ಹೇಳಿ ಮಾಡಿಸ್ಕೋತಿದ್ದೆ."

"ಏನು ಮಾಡಿಸ್ಕೋತಿದ್ದೆ? ವಾಷರ್ ಹಾಕಿ ಕೈ ತೊಳ್ಕೋತಿದ್ದ ಅವನು. ಪೂರ್ತಿ ನಲ್ಲೀನೇ ಬದಲಾಯಿಸು ಅಂದಿದ್ದು ನಾನು."

"ಪೂರ್ತಿ ಬದಲಾಯಿಸೋ ಅಗತ್ಯಾನೇ ಇರಲಿಲ್ಲ ಅತ್ತೆ."

"ಇರಲಿಲ್ವಾ? ನಿನಗೇನು ಗೊತ್ತು ನಲ್ಲಿ ವಿಚಾರ?"

ಶುರುವಾಯಿತು. ಒತ್ತಪ್ಪ ನಿಟ್ಟುಸಿರು ಬಿಟ್ಟು ಗೋಡೆಗೊರಗಿದ. ಎಷ್ಟೋ ದಿನಗಳ ಮೇಲೆ ಅವನು ಯಾರಿಗೂ ಏನನ್ನೂ ತಲುಪಿಸಬೇಕಾಗಿರಲಿಲ್ಲ.

ಮುಂದಿನ ವಾರ ಸಾಮಾನು ಸಾಗಿತು. ಫೈರ್‌ಮನ್ ಬಂದು ಬೀರುವಿಗೆ ಹೆಗಲು ಕೊಟ್ಟ. ಯಾವ ಡಬ್ಬದಲ್ಲಿ ಏನು ಎಂದು ಒತ್ತಪ್ಪ ಎಲ್ಲಕ್ಕೂ ಚೀಟಿ ಬರೆದು ಅಂಟಿಸಿದ, ಒಂದು ತಪ್ಪಿಲ್ಲದೆ. ಬೀರು ಹೋದಮೇಲೆ ನಡುಮನೆ ಆಟದ ಬಯಲಿನಂತೆ ಕಂಡಿತು. ಗಂಡ ಹೆಂಡತಿ ಅದರ ನಡುವೆ ಕೂತು ಊಟ ಮಾಡಿದರು. ಎರಡು ದಿನ ಸಿಸ್ಟರಮ್ಮ ನಾಲ್ಕು ಜನಕ್ಕೆ ಆಗುವಷ್ಟು ಅನ್ನ ಮಾಡಿದಳು. ಮೂರನೇ ದಿನ ಅಳತೆ ಸರಿಹೋಯಿತು.

"ನೀವು ಏನಾದರೂ ಮಾತಾಡ್ರೀ" ಅಂದಳು.

ಒತ್ತಪ್ಪ ಮಾತಾಡಿದ. ಅಚ್ಚುಮನೆಯ ಒಂದು ಹಳೆಯ ಕಥೆ, ಮದುವೆಯ ಕಾಗದದಲ್ಲಿ ವರನ ಹೆಸರೇ ತಪ್ಪಾಗಿ ಅಚ್ಚಾದದ್ದು. ಸಿಸ್ಟರಮ್ಮ ನಡುವೆ ಒಂದು ಸಲ ಬಾಯಿ ಹಾಕಲು ಹೋಗಿ, ತಡೆದುಕೊಂಡು, ಕೊನೆಯವರೆಗೂ ಕೇಳಿಸಿಕೊಂಡಳು.

ಆ ಭಾನುವಾರ ಮಗನ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕರೆ ಬಂತು. ಇಬ್ಬರೂ ನಡೆದೇ ಹೋದರು. ಹಸಿರು ಗೇಟು ತೆರೆದಿತ್ತು. ಮುಂಬಾಗಿಲೂ ಅರ್ಧ ತೆರೆದಿತ್ತು. ಒಳಗಿನಿಂದ ಒಗ್ಗರಣೆಯ ಸದ್ದು, ಮಗ ಏನೋ ಹೇಳಿ ನಗುವ ಸದ್ದು ಕೇಳಿಸುತ್ತಿತ್ತು. ಒತ್ತಪ್ಪ ಹೊಸ್ತಿಲಿಗೆ ಕಾಲಿಡಲು ಹೋದ. ಸಿಸ್ಟರಮ್ಮ ಅವನ ತೋಳು ಹಿಡಿದು ಹಿಂದಕ್ಕೆಳೆದಳು. ತನ್ನ ಜನ್ಮದಲ್ಲಿ ಯಾವ ವಾರ್ಡಿನ ಬಾಗಿಲನ್ನೂ ತಟ್ಟಿ ಒಳಗೆ ಹೋದವಳಲ್ಲ ಆಕೆ. ಈಗ ಸೆರಗು ಸರಿಮಾಡಿಕೊಂಡು, ಕೈ ಎತ್ತಿ ಬೆಲ್ ಒತ್ತಿದಳು.

"ತೆರೆದೇ ಇದೆಯಲ್ಲೇ" ಅಂದ ಒತ್ತಪ್ಪ.

"ಗೊತ್ತು. ಸುಮ್ನೆ ನಿಂತ್ಕೊಳ್ಳಿ."

ಸೊಸೆ ಒದ್ದೆ ಕೈಯಲ್ಲೇ ಓಡಿ ಬಂದಳು. "ಯಾಕತ್ತೆ, ಬೆಲ್ ಯಾಕೆ ಮಾಡಿದ್ರಿ? ಸೀದಾ ಒಳಗೆ ಬರೋದಲ್ವಾ?"

"ಇದು ಯಾರ ಮನೆ?"

"ನಮ್ಮನೆ ಅತ್ತೆ" ಅಂದಳು ಸೊಸೆ.

"ಹಾಗಾದ್ರೆ ನೀನು ಕರೀಬೇಕು. ಕರಿ."

ಸೊಸೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಅರ್ಧ ತೆರೆದಿದ್ದ ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದು, ಪಕ್ಕಕ್ಕೆ ಸರಿದು ನಿಂತಳು.

"ಬನ್ನಿ ಅತ್ತೆ" ಅಂದಳು. "ಒಳಗೆ ಬನ್ನಿ."